ಹುಳುಗಳಿಗೆ ಕೇಳಿಸದ ಹಾಗೆ

ಹುಡುಗಿ ಹಾಲಿನ ಲೋಟವನ್ನು ಎರಡು ಬೆರಳಿನಿಂದ ಪಕ್ಕಕ್ಕೆ ತಳ್ಳಿ, "ಅರಿಸಿನ ಆಕವ್ರೆ, ನಂಗೆ ಬ್ಯಾಡ" ಎಂದಳು. ಲೋಟದಲ್ಲಿದ್ದದ್ದು ಬರೀ ಹಾಲು. ಸಿಸ್ಟರ್ ಫಿಲೋಮಿನಾ ನನ್ನ ಕಣ್ಣೆದುರೇ ಪಾತ್ರೆಯಿಂದ ಬಗ್ಗಿಸಿದ್ದರು, ಸಕ್ಕರೆಯನ್ನೂ ಹಾಕಿರಲಿಲ್ಲ.

ಆ ಮಾತು ನನ್ನ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಹಾಲು ಬೇಡವೆನ್ನಲು ಏಳು ವರ್ಷದ ಮಕ್ಕಳಿಗೆ ಕಾರಣಗಳು ಕಡಿಮೆಯೇ? ನಾಡಿ ಎಣಿಸುವುದರಲ್ಲಿದ್ದೆ, ಎಣಿಸಿ ಮುಗಿಸಿದೆ. ಆ ಒಂದು ವಾಕ್ಯವನ್ನು ಆಗಲೇ ಹಿಡಿದುಕೊಂಡಿದ್ದರೆ ಮುಂದಿನ ಐದು ಗಂಟೆಗಳಲ್ಲಿ ನಡೆದದ್ದು ನಡೆಯುತ್ತಿರಲಿಲ್ಲ.

ಇದು ಐವತ್ತರ ದಶಕದ ನಡುವಿನ ಮಾತು. ಮೈಸೂರಿನ ಒಂದು ಆಸ್ಪತ್ರೆಯಲ್ಲಿ ನಾನು ಕಿರಿಯ ವೈದ್ಯೆ. ಪದವಿ ಪಡೆದು ಎರಡು ವರ್ಷ ತುಂಬಿರಲಿಲ್ಲ. ಈಗ ತುರ್ತು ವಿಭಾಗ ಎನ್ನುವುದು ಆಗ ಹೊರರೋಗಿಗಳ ಸಾಲಿನ ಕೊನೆಯಲ್ಲಿದ್ದ ಒಂದು ಕೋಣೆ: ಎರಡು ಕಬ್ಬಿಣದ ಮಂಚ, ಹೊಟ್ಟೆ ತೊಳೆಯುವ ಒಂದು ರಬ್ಬರ್ ಕೊಳವೆ, ಗಾಜಿನ ಬಾಗಿಲಿನ ಬೀರು. ಹೊರರೋಗಿಗಳನ್ನು ನೋಡುತ್ತಿದ್ದವಳೂ ನಾನೇ, ಗಲಾಟೆ ಕೇಳಿದರೆ ಆ ಕೋಣೆಗೆ ಓಡುತ್ತಿದ್ದವಳೂ ನಾನೇ. ಮುಂದೆ ಯಾವ ಹುದ್ದೆಗೆ ಏರಿದೆ, ಎಲ್ಲೆಲ್ಲಿಗೆ ವರ್ಗವಾಯಿತು ಎಂಬುದರಿಂದ ಯಾರಿಗೂ ಉಪಯೋಗವಿಲ್ಲ. ನನ್ನ ಮನೆಯ ವಿಷಯವೂ ಇಲ್ಲಿ ಬೇಡ. ಆಗ ಚಾಮರಾಜಪುರಂನಲ್ಲಿ ಒಂದು ಬಾಡಿಗೆ ಕೋಣೆಯಲ್ಲಿದ್ದೆ, ಆಸ್ಪತ್ರೆಗೆ ನಡೆದೇ ಹೋಗುತ್ತಿದ್ದೆ ಎಂದರೆ ಸಾಕು. ಈ ಕೆಲಸಕ್ಕೆ ಹೊಸದಾಗಿ ಬರುವವರಿಗೆ ತಿಳಿದಿರಬೇಕಾದದ್ದು ನಾನು ಏನನ್ನು ಗಮನಿಸಲಿಲ್ಲ ಎಂಬುದು.

ವಿಷವೆಂದರೆ ಬಾಯಲ್ಲಿ ನೊರೆ, ಮೈ ನೀಲಿ ಎಂದು ನಾವು ಪುಸ್ತಕದಲ್ಲಿ ಓದಿದ್ದೆವು. ಆ ಕೋಣೆಗೆ ಬಂದ ವಿಷಗಳು ಹೆಚ್ಚಾಗಿ ಹಾಗೆ ಬರಲಿಲ್ಲ. ಮೊದಲ ವರ್ಷವೇ ಒಬ್ಬ ಗುಮಾಸ್ತರು ಕಿವಿಯಲ್ಲಿ ಗಿರಣಿಯ ಸದ್ದು ಎಂದುಕೊಂಡು ಬಂದರು. ಕಿವಿಯ ಡಾಕ್ಟರ ಹತ್ತಿರ ಕಳುಹಿಸಿದೆ. ಎರಡು ದಿನದ ಮೇಲೆ ಅವರನ್ನು ಹೊತ್ತುಕೊಂಡು ಬಂದರು. ಓಡಿ ಬಂದವರ ಹಾಗೆ ಉಸಿರಾಡುತ್ತಿದ್ದರು, ಎದೆಯಲ್ಲಿ ಮಾತ್ರ ಯಾವ ರೋಗವೂ ಇಲ್ಲ. ಮಂಡಿ ನೋವಿಗೆಂದು ವಾರಗಟ್ಟಲೆ ಆಸ್ಪಿರಿನ್ ನುಂಗಿದ್ದರು. ಕಿವಿಯ ಸದ್ದೇ ಮೊದಲ ಸೂಚನೆಯಾಗಿತ್ತು. ಇನ್ನೊಮ್ಮೆ ಒಂದು ಹಸುಗೂಸು. ಎಷ್ಟು ಒಳ್ಳೆಯ ಮಗು, ಅಳುವುದೇ ಇಲ್ಲ ಎಂದು ತಾಯಿ ಮೆಚ್ಚಿಕೊಂಡು ಹೇಳುತ್ತಿದ್ದಳು. ರೆಪ್ಪೆ ಎತ್ತಿ ನೋಡಿದರೆ ಕಣ್ಣಿನ ಪಾಪೆ ಸಾಸಿವೆ ಕಾಳಿಗಿಂತ ಚಿಕ್ಕದು. ಕೆಲಸಕ್ಕೆ ಹೋಗುವ ಮುನ್ನ ಮಗುವಿನ ನಾಲಿಗೆಗೆ ಅಫೀಮು ಸವರುವುದು ಅವಳಿಗೆ ಅತ್ತೆ ಕಲಿಸಿಕೊಟ್ಟ ಅಭ್ಯಾಸ. ಅವಳು ಅದನ್ನು ವಿಷವೆಂದು ತಿಳಿದಿರಲಿಲ್ಲ. ಆದ್ದರಿಂದ ನಾನು ಕೇಳಿದಾಗ ಹೇಳಲೂ ಇಲ್ಲ.

ಇವೆರಡರಿಂದಲೇ ನಾನು ಕಲಿಯಬೇಕಿತ್ತು. ಕಲಿತಿರಲಿಲ್ಲ.

ಆ ಗುರುವಾರ ಬೆಳಿಗ್ಗೆ ಹಿನಕಲ್ಲಿನಿಂದ ಒಂದು ಸಂಸಾರ ಜಟಕಾದಲ್ಲಿ ಬಂತು. ಹಿನಕಲ್ ಆಗ ಊರಿನಿಂದ ಹೊರಗಿನ ಹಳ್ಳಿ. ತಂದೆ ಸಿದ್ದೇಗೌಡ, ಪೇಟೆಗೆ ತರಕಾರಿ ಬೆಳೆದು ತರುವವನು. ಅವನ ತಾಯಿ ಕೆಂಪಮ್ಮ. ಅವನ ಎರಡನೆಯ ಹೆಂಡತಿ ಸಣ್ಣಮ್ಮ, ಇಪ್ಪತ್ತು ದಾಟಿರಲಾರದು. ಹುಡುಗಿ ಜಯಮ್ಮ ತೀರಿಹೋದ ಮೊದಲ ಹೆಂಡತಿಯ ಮಗಳು. ಅವಳನ್ನು ಎತ್ತಿಕೊಂಡು ಬಂದವಳು ಸಣ್ಣಮ್ಮ.

ವಾಂತಿ, ತಲೆಸುತ್ತು, ಮೂತ್ರ ಕೇಸರಿ ಬಣ್ಣ. ನಾನು ಕಾಮಾಲೆ ಎಂದುಕೊಂಡೆ. ರೆಪ್ಪೆ ಕೆಳಗೆಳೆದು ನೋಡಿದರೆ ಕಣ್ಣು ಬೆಳ್ಳಗಿತ್ತು. ಅದನ್ನು ಕಂಡೂ ಕಾಮಾಲೆಯ ಪ್ರಾರಂಭ ಎಂದು ಬರೆದು, ಹೊಟ್ಟೆ ತೆರವಾಗಲಿ ಎಂದು ಹರಳೆಣ್ಣೆ ಕೊಡಿಸಿದೆ.

"ಏನು ತಿನ್ನಿಸಿದ್ರಿ? ಔಷಧಿ ಏನಾದರೂ ಕೊಟ್ಟಿದ್ರಾ?" ಎಂದು ಮಂಚದ ಪಕ್ಕದಲ್ಲೇ ನಿಂತು ಕೇಳಿದೆ.

ಸಣ್ಣಮ್ಮ ಹುಡುಗಿಯ ಮುಖ ನೋಡಿದಳು, ನನ್ನ ಮುಖ ನೋಡಿದಳು. "ಏನೂ ಇಲ್ಲ ಕಣವ್ವ" ಎಂದಳು. ಆ ನೋಟದಲ್ಲಿ ಏನೋ ಮುಚ್ಚಿಡುವುದು ಇತ್ತು. ಅದನ್ನು ಮಾತ್ರ ನಾನು ಚೆನ್ನಾಗಿ ಗಮನಿಸಿದೆ.

ಹನ್ನೊಂದು ಗಂಟೆಗೆ ಹುಡುಗಿಯ ಮುಖದ ಒಂದು ಪಕ್ಕ ಅದುರತೊಡಗಿತು. ನೋಡುತ್ತಿದ್ದ ಹಾಗೆ ಕುತ್ತಿಗೆ ಸೆಟೆದು ಇಡೀ ಮೈಗೆ ಸೆಳೆತ ಬಂತು. ಪಾಪೆಗಳು ಅಗಲವಾಗಿದ್ದವು. ಸೆಳೆತ ತಗ್ಗಿಸಲು ಪ್ಯಾರಾಲ್ಡಿಹೈಡ್ ಕೊಟ್ಟೆವು. ಸಿಸ್ಟರ್ ಫಿಲೋಮಿನಾ ಹಲ್ಲುಗಳ ನಡುವೆ ಬಟ್ಟೆ ಸುತ್ತಿದ ಚಮಚ ಇಟ್ಟು ಹಿಡಿದುಕೊಂಡರು. ಆಗ ಹಾಗೆ ಮಾಡುತ್ತಿದ್ದೆವು, ಈಗ ಮಾಡಬಾರದೆಂದು ಗೊತ್ತಾಗಿದೆ. ಸೆಳೆತ ನಿಂತಿತು, ಮತ್ತೆ ಬಂತು.

ಕೆಂಪಮ್ಮ ಬಾಗಿಲಲ್ಲಿ ಎದೆ ಬಡಿದುಕೊಂಡಳು. "ಇವ್ಳೇ! ಇವ್ಳೇ ಕಣ್ರವ್ವ ನನ್ ಮೊಮ್ಮಗಳ್ಗೆ ಮದ್ದಾಕವ್ಳೆ! ನಿನ್ನೆ ರಾತ್ರಿ ಕತ್ಲಲ್ಲಿ ಮಗೀನ ಬಾಯ್ಗೆ ಏನೋ ಇಕ್ಕಿದ್ದ ನನ್ ಕಣ್ಣಾರೆ ಕಂಡಿವ್ನಿ!"

ಮದ್ದು ಹಾಕುವುದೆಂದರೆ ಆಗದವರಿಗೆ ಊಟದಲ್ಲಿ ಕದ್ದು ವಿಷ ಬೆರೆಸುವುದು. ನಮ್ಮ ಕಡೆಯ ಹಳ್ಳಿಗಳಲ್ಲಿ ಹೆಂಗಸಿನ ಮೇಲೆ ಹೊರಿಸುವ ಇದಕ್ಕಿಂತ ದೊಡ್ಡ ಅಪವಾದವಿಲ್ಲ. ಒಮ್ಮೆ ಆ ಮಾತು ಅಂಟಿದರೆ ಅವಳ ಕೈಯಿಂದ ಯಾರೂ ನೀರು ಕುಡಿಯುವುದಿಲ್ಲ. ಸಿದ್ದೇಗೌಡ ಹೆಂಡತಿಯ ಕಡೆ ತಿರುಗಿ, "ಬೊಗ್ಳೇ! ಏನ್ ಕೊಟ್ಟೆ?" ಎಂದು ಕೂಗಿದ. ಅವಳು ಹುಡುಗಿಯ ಮಂಚದ ಕಡೆ ಒಮ್ಮೆ ನೋಡಿ, ಸೆರಗನ್ನು ಬಾಯಿಗೆ ಒತ್ತಿಕೊಂಡಳು. 

ನಮ್ಮ ಮೇಲಧಿಕಾರಿಯನ್ನು ನಾವೆಲ್ಲ ದೊಡ್ಡ ಡಾಕ್ಟರು ಎನ್ನುತ್ತಿದ್ದೆವು. ಅವರು ಬಂದು ಪಾಪೆ ನೋಡಿ, "ವಿಷವೇ. ದತ್ತೂರಿ ಇರಬೇಕು. ರಿಜಿಸ್ಟರಿನಲ್ಲಿ ಬರೆದು ಪೊಲೀಸರಿಗೆ ತಿಳಿಸಿ" ಎಂದರು. ದತ್ತೂರಿಯಾದರೆ ಬಾಯಿ ಒಣಗಿರಬೇಕು, ಮೈ ಬಿಸಿಯಾಗಿ ಕೆಂಪಾಗಿರಬೇಕು. ಇವಳ ಬಾಯಲ್ಲಿ ಜೊಲ್ಲಿತ್ತು, ಕೈಕಾಲು ತಣ್ಣಗಿದ್ದವು. ಹೇಳಬೇಕೆಂದು ಬಾಯಿ ತೆರೆದೆ. ಹೇಳಲಿಲ್ಲ. ವಿಷದ ಪ್ರಕರಣಗಳ ರಿಜಿಸ್ಟರ್ ತೆಗೆದು ನನ್ನ ಅಕ್ಷರದಲ್ಲಿ ಬರೆದೆ: "ಹಿಂದಿನ ರಾತ್ರಿ ಮಲತಾಯಿಯು ಏನನ್ನೋ ತಿನ್ನಿಸಿದ ನಂತರ ಅಸ್ವಸ್ಥತೆ."

'ಎಂದು ಅಜ್ಜಿ ಹೇಳುತ್ತಾರೆ' ಎಂದು ಸೇರಿಸಲಿಲ್ಲ. ಕೇಳಿದ್ದನ್ನು ಕಂಡದ್ದರಂತೆ ಬರೆದೆ. ಮಧ್ಯಾಹ್ನಕ್ಕೆ ಪೊಲೀಸ್ ದಫೇದಾರರು ಬಂದು ಆ ವಾಕ್ಯವನ್ನೇ ನಕಲು ಮಾಡಿಕೊಂಡರು. ಮಾರನೆಯ ಬೆಳಿಗ್ಗೆ ಎಲ್ಲರೂ ಠಾಣೆಗೆ ಬರಬೇಕೆಂದು ಹೇಳಿ, ಸಣ್ಣಮ್ಮನನ್ನು ಆಸ್ಪತ್ರೆ ಗೇಟಿನ ಪಕ್ಕದ ಚೌಕಿಯಲ್ಲಿ ಕೂರಿಸಿದರು.

ಎರಡು ಗಂಟೆಯ ಹೊತ್ತಿಗೆ ಹುಡುಗಿಗೆ ಸ್ವಲ್ಪ ತಿಳಿವು ಬಂತು. ಸಿಸ್ಟರ್ ಫಿಲೋಮಿನಾ ಬಗ್ಗಿ ಹಣೆ ಒರೆಸುತ್ತಿದ್ದರು. ಹುಡುಗಿ ಅವರ ತಲೆಯನ್ನೇ ನೋಡುತ್ತಾ, "ನಿಮ್ ಟೋಪಿ ಬೆಳಿಗ್ಗೆ ಊದಾ ಇತ್ತು. ಈಗ ಹಳದಿ ಯಾಕೆ?" ಎಂದಳು.

"ಬಿಳೀದು ಕಣಮ್ಮ ಇದು. ಸುಣ್ಣದ ಹಂಗಿದೆ ನೋಡು."

"ಸುಣ್ಣನೂ ಹಳದೀನೇ" ಎಂದು ಹುಡುಗಿ ಗೋಡೆ ತೋರಿಸಿದಳು.

ಔಷಧಿ ಕಟ್ಟುವ ಕಾಂಪೌಂಡರ್ ಮಾದಪ್ಪನವರು ಬಾಟಲಿ ಕೊಡಲು ಬಂದವರು ಅಲ್ಲೇ ನಿಂತರು. ಹಣೆಗೆ ವಿಭೂತಿ, ಮೂಗಿನ ತುದಿಗೆ ಕನ್ನಡಕ. ನಮ್ಮಂಥ ಹೊಸ ವೈದ್ಯರನ್ನು ವರ್ಷಕ್ಕಿಷ್ಟು ಎಂದು ಕಂಡವರು. "ಇನ್ನೊಂದ್ಸಲ ಹೇಳು ಮಗಾ, ಈ ಗೋಡೆ ಏನು ಬಣ್ಣ?" ಎಂದರು. ಹುಡುಗಿ ಹಳದಿ ಎಂದಳು. ಅವರು ನನ್ನ ಕಡೆ ತಿರುಗಿ, ದನಿ ತಗ್ಗಿಸಿ, "ಡಾಕ್ಟ್ರಮ್ಮ, ಇದು ದತ್ತೂರಿ ಅಲ್ಲ ಕಣ್ರೀ. ಸ್ಯಾಂಟೊನಿನ್ನು. ಹೊಟ್ಟೆ ಹುಳುವಿಗೆ ಕೊಡೋ ಪುಡಿ. ಮೂತ್ರ ಇಟ್ಟಿದೀರಾ?" ಎಂದರು.

ಇಟ್ಟಿದ್ದೆವು. ಅವರು ಗಾಜಿನ ನಳಿಕೆಯಲ್ಲಿ ಮೂತ್ರಕ್ಕೆ ಕಾಸ್ಟಿಕ್ ಸೋಡಾ ದ್ರಾವಣ ಎರಡು ತೊಟ್ಟು ಬಿಟ್ಟರು. ಕೇಸರಿ ಬಣ್ಣ ಕೆಂಪಾಯಿತು, ಆರತಿ ತಟ್ಟೆಯ ಅರಿಶಿನದ ನೀರಿಗೆ ಸುಣ್ಣ ಬೆರೆಸಿದಾಗ ಆಗುವ ಹಾಗೆ. "ಭೇದಿಗೆ ಅಂತ ಸೋನಾಮುಖಿ ಕುಡಿದಿದ್ರೂ ಇಂಗೇ ಆಗ್ತದೆ. ಆದ್ರೆ ಸೋನಾಮುಖಿ ಕುಡಿದೋರಿಗೆ ಗೋಡೆ ಹಳದಿ ಕಾಣಲ್ಲ" ಎಂದರು. ಆಮೇಲೆ ಪುಸ್ತಕದಲ್ಲಿ ಹುಡುಕಿದೆ. ಕಾಲೇಜಿನಲ್ಲಿ ಓದಿ ಅಡಿಗೆರೆ ಎಳೆದಿದ್ದ ಪುಟವೇ ಅದು: ಮೊದಲು ಎಲ್ಲವೂ ಊದಾ, ಆಮೇಲೆ ಹಳದಿ, ಅಗಲವಾದ ಪಾಪೆ, ಮುಖದಿಂದ ಶುರುವಾಗುವ ಸೆಳೆತ.

"ಬೆಳಿಗ್ಗೆ ಏನು ಕೊಟ್ರಿ ಇವ್ಳಿಗೆ?" ಎಂದರು ಮಾದಪ್ಪನವರು.

"ಹರಳೆಣ್ಣೆ."

ಅವರು ಕನ್ನಡಕ ತೆಗೆದರು. "ಎಣ್ಣೇಲಿ ಕರಗೋ ಮದ್ದು ಕಣಮ್ಮ ಅದು" ಎಂದಷ್ಟೇ ಹೇಳಿದರು.

 ಕರುಳಿನಲ್ಲಿ ಬಿದ್ದಿದ್ದ ವಿಷವನ್ನು ರಕ್ತಕ್ಕೆ ದಾಟಿಸಲು ನಾನೇ ದಾರಿ ಮಾಡಿಕೊಟ್ಟಿದ್ದೆ. ಹೊಟ್ಟೆ ತೊಳೆದೆವು, ಭೇದಿಗೆ ಈ ಸಲ ಉಪ್ಪಿನ ದ್ರಾವಣ ಕೊಟ್ಟೆವು. ನಾಲ್ಕು ಗಂಟೆಗೆ ಇನ್ನೊಂದು ಸೆಳೆತ ಬಂದು ಉಸಿರು ಕೆಲವು ಕ್ಷಣ ನಿಂತೇ ಹೋಯಿತು. ಸಿಸ್ಟರ್ ಫಿಲೋಮಿನಾ ಶಿಲುಬೆ ಗುರುತು ಮಾಡಿಕೊಂಡರು. ನಾನು ಎದೆ ಒತ್ತುತ್ತಿದ್ದೆ. ಉಸಿರು ಮರಳಿತು. ಅದೇ ಕೊನೆಯ ಸೆಳೆತವೆಂದು ಆಗ ನಮಗೆ ಗೊತ್ತಿರಲಿಲ್ಲ.

ಹುಳುವಿನ ಪುಡಿ ಎಷ್ಟು ಹೋಗಿದೆ ಎಂದು ತಿಳಿಯಬೇಕಿತ್ತು. ಕೆಂಪಮ್ಮನನ್ನು ಕರೆದು ಮಂಚದ ಪಕ್ಕದಲ್ಲೇ ಕೇಳಿದೆ: "ಹುಳುವಿಗೆ ಔಷಧಿ ಏನಾದರೂ..."

ಅವಳು ನೆಗೆದು ನನ್ನ ಬಾಯಿಗೇ ಕೈ ಅಡ್ಡ ಹಿಡಿದಳು. "ಸುಮ್ಕಿರವ್ವ! ಮಗೀನ ಮುಂದೆ ಏಳ್ಬುಡ್ತೀಯಲ್ಲ!" ಎಂದು ನನ್ನನ್ನು ವರಾಂಡದ ತುದಿಯವರೆಗೆ ಎಳೆದುಕೊಂಡು ಹೋದಳು. ಅಲ್ಲಿ ಕಿವಿಯ ಹತ್ತಿರ ಪಿಸುಗುಟ್ಟಿದಳು. "ಔಸ್ದಿ ಎಸ್ರು ಎತ್ತುದ್ರೆ ಒಳ್ಗಿರೋ ಉಳ ಕೇಳುಸ್ಕತವೆ. ಕೇಳುಸ್ಕಂಡು ಬಚ್ಚಿಟ್ಕತವೆ. ಆಮ್ಯಾಕೆ ಬೀಳಕಿಲ್ಲ."

"ಕೊಟ್ಟಿದ್ರಾ?"

"ಅಮಾಸೆ ಅಲ್ವಾ ನಿನ್ನೆ? ಅಮಾಸೆಗೆ ಉಳ ತಲೆ ಎತ್ತವೆ. ಅಂಗಡಿ ಬಿಲ್ಲೆ ನಾಕು, ಬಾಳೆಅಣ್ಣಲ್ಲಿ ಇಟ್ಟು ತಿನ್ನುಸ್ದೆ. ಯಾರ್ಗೂ ಏಳಿಲ್ಲ."

"ಹಾಗಾದರೆ ಸೊಸೆ ಮೇಲೆ ಯಾಕೆ ಹೇಳಿದ್ರಿ?"

"ಅದು ಬ್ಯಾರೆ, ಇದು ಬ್ಯಾರೆ. ನಾ ಕೊಟ್ಟುದ್ದು ಔಸ್ದಿ ಕಣವ್ವ" ಎಂದಳು. ಅವಳ ಮುಖದಲ್ಲಿ ಸುಳ್ಳಿನ ನೆರಳೂ ಇರಲಿಲ್ಲ.

ಸಿದ್ದೇಗೌಡನನ್ನು ಬೇರೆಯಾಗಿ ಕೇಳಿದೆ. ಅವನೂ ಸುತ್ತ ನೋಡಿ, ದನಿ ಇಳಿಸಿ ಹೇಳಿದ. ಬುಧವಾರ ತರಕಾರಿ ಹಾಕಿ ಬರುವಾಗ ಪೇಟೆಯಿಂದ ಅದೇ ಬಿಲ್ಲೆ, ಅಂದರೆ ಸ್ಯಾಂಟೊನಿನ್ ಮಾತ್ರೆ, ತಂದು ಬೆಲ್ಲದ ಜೊತೆ ಎರಡು ಕೊಟ್ಟಿದ್ದ. "ಅವ್ವುಂಗೆ ಏಳಿಲ್ಲ. ಏಳ್ಬಾರ್ದಲ್ವಾ?"

ಉಳಿದವಳು ಸಣ್ಣಮ್ಮ. ಚೌಕಿಗೆ ಹೋದೆ. ಅವಳು ನೆಲದ ಮೇಲೆ ಗೋಡೆಗೆ ಒರಗಿ ಕೂತಿದ್ದಳು. ನನ್ನನ್ನು ಕಂಡು ಎದ್ದು ನಿಂತಳು. "ಮಗ ಎಂಗೈತೆ ಅವ್ವಾ?"

"ಈಗ ಪರವಾಗಿಲ್ಲ. ಇಲ್ಲಿ ಅವಳಿಗೆ ಕೇಳಿಸುವುದಿಲ್ಲ. ನೀನು ರಾತ್ರಿ ಕೊಟ್ಟದ್ದು ಏನು?"

ಅವಳು ನನ್ನನ್ನು ವಿಚಿತ್ರವಾಗಿ ನೋಡಿದಳು. ಸೆರಗಿನ ಗಂಟು ಬಿಚ್ಚಿ, ನಾಲ್ಕು ಮಡಿಕೆಯ ಒಂದು ಕಾಗದ ತೆಗೆದು ನನ್ನ ಕೈಯಲ್ಲಿಟ್ಟಳು. ನಮ್ಮ ಆಸ್ಪತ್ರೆಯ ಹೊರರೋಗಿ ಚೀಟಿ. ಸೋಮವಾರದ್ದು. ಜಯಮ್ಮ, ಏಳು ವರ್ಷ. ಸ್ಯಾಂಟೊನಿನ್ ಪುಡಿ, ಮೂರು ಪೊಟ್ಟಣ, ಮೂರು ರಾತ್ರಿ. ಕೆಳಗೆ ನನ್ನ ರುಜು.

"ನೀವೇ ಅಲ್ವಾ ಅವ್ವಾ ಕೊಟ್ಟುದ್ದು?" ಎಂದಳು. "ಮಂಗಳ್ವಾರ ಒಂದು, ನಿನ್ನೆ ಒಂದು ಕೊಟ್ಟೆ. ಬೆಳಿಗ್ಗೆ ನೀವು ಮಗೀನ ಮುಂದೆ ಕೇಳುದ್ರಿ. ನಿಮ್ಗೆ ಗೊತ್ತೇ ಇರ್ತದೆ, ಉಳ ಕೇಳುಸ್ಕಬಾರ್ದು ಅಂತ ಬೇಕಂತ್ಲೇ ಗೊತ್ತಿಲ್ದಂಗೆ ಕೇಳ್ತಾವ್ರೆ ಅನ್ಕಂಡೆ. ಇಲ್ಲಿ ನನ್ನ ಯಾರೂ ಕೇಳ್ನಿಲ್ಲ."

ಸೋಮವಾರ ಅವಳು ನನ್ನೆದುರು ನಿಂತಿದ್ದಳು. ನಾನು ಅವಳ ಮುಖ ನೋಡಿ ಮಾತಾಡಿರಲೇಬೇಕು. ಮೂರು ದಿನದ ಮೇಲೆ ಅದೇ ಹೆಂಗಸು, ಅದೇ ಮಗು, ಅದೇ ಹೆಸರು. ನನಗೆ ಗುರುತೇ ಹತ್ತಲಿಲ್ಲ. ಅವಳು ಮುಚ್ಚಿಡುತ್ತಿದ್ದಾಳೆ ಎಂದು ನಾನು ಓದಿಕೊಂಡ ಆ ನೋಟ, ನನ್ನ ಗುಟ್ಟನ್ನು ನನಗಾಗಿ ಕಾಯುತ್ತಿದ್ದವಳ ನೋಟವಾಗಿತ್ತು. ನಾನು ಬರೆದ ಪ್ರಮಾಣ ಸರಿಯಾಗಿಯೇ ಇತ್ತು. ಬೇರೆ ಯಾರಾದರೂ ಏನಾದರೂ ಕೊಡುತ್ತಿದ್ದಾರೆಯೇ ಎಂದು ಕೇಳಿರಲಿಲ್ಲ.  

ದೊಡ್ಡ ಡಾಕ್ಟರಿಗೆ ಚೀಟಿ ತೋರಿಸಿದೆ. ಅವರು ಕೆಟ್ಟವರಲ್ಲ. ಓದಿ, ಮಡಿಸಿ ನನಗೇ ವಾಪಸು ಕೊಟ್ಟರು. "ನೋಡಿ, ಹುಡುಗಿ ಉಳ್ಕೊಂಡ್ಳು. ಅಂಗಡಿ ಬಿಲ್ಲೆ ಜಾಸ್ತಿ ಆಯ್ತು, ಅಜ್ಜಿ ತಿಳೀದೆ ಕೊಟ್ಟಳು ಅಂತ ಬರೀರಿ. ಅದೂ ನಿಜವೇ ತಾನೆ? ಈ ಚೀಟಿ ಯಾಕೆ ಮಧ್ಯೆ? ನೀವಿನ್ನೂ ಚಿಕ್ಕವರು. ಹೆಣ್ಣು ಡಾಕ್ಟರು ಅಂದ್ರೆ ಮೊದಲೇ ಜನ ಕಾಯ್ತಾ ಇರ್ತಾರೆ."

"ಸಣ್ಣಮ್ಮ ರಾತ್ರಿ ಏನೋ ಕೊಟ್ಟಳು ಅಂತ ಅಜ್ಜಿ ನೋಡಿದಾಳೆ, ಸರ್. ಚೀಟಿ ಇಲ್ಲದಿದ್ದರೆ ಅದು ಏನು ಅಂತ ಅವಳು ಹೇಗೆ ತೋರಿಸ್ತಾಳೆ?"

"ನಾಳೆ ಯೋಚನೆ ಮಾಡಿ" ಎಂದು ಅವರು ಎದ್ದರು.

ಸಂಜೆ ಚೌಕಿಯಿಂದ ಹೊರಗೆ ಬಿಟ್ಟ ಹೆಂಡತಿಗೆ ಸಿದ್ದೇಗೌಡ ಗೇಟಿನ ಹತ್ತಿರ ಹೇಳಿದ್ದು ನನಗೆ ಕೇಳಿಸಿತು. "ನೀ ಮನೆ ಕಡೆ ಬರ್ಬ್ಯಾಡ. ನಾಳೆ ಠಾಣೇಲಿ ಇತ್ಯರ್ಥ ಆಗ್ಲಿ. ಆಮ್ಯಾಕೆ ನಿಮ್ಮಪ್ಪನ ಮನೆ ನೋಡ್ಕೋ." ಬಿಲ್ಲೆಗಳ ವಿಷಯ ಅವನಿಗೆ ವಿವರಿಸಿದೆ. ಅವನು ತಲೆಯಾಡಿಸಿ, "ಅದ್ ಸರಿ ಡಾಕ್ಟ್ರೆ, ಆದ್ರೆ ಪುಸ್ತಕದಲ್ಲಿ ನೀವೇ ಬರ್ದಿದೀರಲ್ಲ, ಇವ್ಳು ಅಂತ" ಎಂದ. ಅವನಿಗೆ ಓದಲು ಬರುತ್ತಿರಲಿಲ್ಲ. ದಫೇದಾರರು ಓದಿ ಹೇಳಿದ್ದರು. ಸಣ್ಣಮ್ಮ ಆ ರಾತ್ರಿ ವಾರ್ಡಿನ ವರಾಂಡದಲ್ಲಿ ಮಲಗಿದಳು.

ಮಾರನೆಯ ಬೆಳಿಗ್ಗೆ ಮಾಮೂಲಿಗಿಂತ ಒಂದು ಗಂಟೆ ಮುಂಚೆ ಆಸ್ಪತ್ರೆಗೆ ಹೋದೆ. ಜಯಮ್ಮ ಎದ್ದು ಕೂತು ಗಂಜಿ ಕುಡಿಯುತ್ತಿದ್ದಳು. ಗೋಡೆ ಯಾವ ಬಣ್ಣ ಎಂದು ಕೇಳಿದೆ. "ಗಲೀಜು ಬಿಳಿ" ಎಂದಳು. ರಿಜಿಸ್ಟರಿನಲ್ಲಿ ಬರೆದದ್ದನ್ನು ಹೊಡೆದುಹಾಕಲು ಅನುಮತಿಯಿಲ್ಲ, ಕೆಳಗೆ ಸೇರಿಸಬಹುದು. ಸೇರಿಸಿದೆ. ಮೇಲಿನ ವಾಕ್ಯ ನಾನು ಕಂಡದ್ದಲ್ಲ. ಸ್ಯಾಂಟೊನಿನ್ ಮೂವರಿಂದ ಹೋಗಿದೆ. ಮಲತಾಯಿ ಕೊಟ್ಟದ್ದು ಕೆಳಗೆ ರುಜು ಮಾಡಿರುವ ವೈದ್ಯೆ ಬರೆದುಕೊಟ್ಟ ಔಷಧಿ. ಮೊದಲ ಸೆಳೆತಕ್ಕೆ ಮುಂಚೆ ಹರಳೆಣ್ಣೆ ಕೊಡಿಸಿದವಳೂ ಆ ವೈದ್ಯೆಯೇ. ಪೂರ್ತಿ ಹೆಸರು ಬರೆದೆ. ರಿಜಿಸ್ಟರನ್ನು ದೊಡ್ಡ ಡಾಕ್ಟರ ಮೇಜಿನ ಮೇಲೆ ತೆರೆದಿಟ್ಟೆ. ಅವರು ಓದಿದರು. "ಅದನ್ನ ತಗೊಂಡ್ ಹೋಗಿ, ಆದ್ರೆ ಜೋಪಾನವಾಗಿ ವಾಪಸ್ ತನ್ನಿ" ಎಂದರು.

ಠಾಣೆಯಲ್ಲಿ ನಾಲ್ವರ ಮುಂದೆ ಅದನ್ನು ನಾನೇ ಗಟ್ಟಿಯಾಗಿ ಓದಿದೆ. ದಫೇದಾರರು, "ತಮ್ಮ ಹೆಸರು ಇರಲೇಬೇಕಾ ಡಾಕ್ಟ್ರಮ್ಮ?" ಎಂದು ಎರಡು ಸಲ ಕೇಳಿದರು. ಇರಬೇಕು ಎಂದೆ. ಅವರು ಬರೆದುಕೊಂಡು, ಇದರಲ್ಲಿ ಕೇಸಿಲ್ಲ ಎಂದು ಪುಸ್ತಕ ಮುಚ್ಚಿದರು.  ಸಿದ್ದೇಗೌಡ ಹೆಂಡತಿಗೆ, ಮುಖ ನೋಡದೆ, "ಗಾಡಿ ತತ್ತೀನಿ, ಇರು" ಎಂದ.  ಕ್ಷಮೆ ಯಾರೂ ಕೇಳಲಿಲ್ಲ. ನಾನು ಕೇಳಿದೆ. ಸಣ್ಣಮ್ಮನಿಗೆ ಅದು ಅರ್ಥವಾದ ಹಾಗೆ ಕಾಣಲಿಲ್ಲ.

ಮೆಟ್ಟಿಲ ಮೇಲೆ ಅವಳು ನನ್ನ ಹತ್ತಿರ ಬಂದು, ಸುತ್ತ ನೋಡಿ, ಮೆಲ್ಲಗೆ ಕೇಳಿದಳು. "ಗೂಡಲ್ಲಿ ಇನ್ನೊಂದ್ ಪೊಟ್ಣ ಐತೆ ಅವ್ವಾ. ಇವತ್ ಕೊಡ್ಬೇಕಾ, ನಾಳೆ ಕೊಡ್ಬೇಕಾ?"

ನಾನು ಅವರ ಜಟಕಾ ಹತ್ತಿದೆ. ಹಿನಕಲ್ಲಿನ ಅವರ ಮನೆಗೆ ಹೋದೆ. ನಡುಮನೆಯ ಗೋಡೆಯಲ್ಲಿ, ದೀಪದ ಪಕ್ಕ, ಆಳೆತ್ತರದಲ್ಲಿ, ಕೈ ಹಾಕಿ ತಡವಿದರಷ್ಟೇ ಒಳಗಿರುವುದು ಸಿಗುವ ಒಂದು ಗೂಡಿತ್ತು. ಅದರಲ್ಲಿ ನನ್ನ ಆಸ್ಪತ್ರೆಯ ಪೊಟ್ಟಣ, ಕೆಂಪಮ್ಮನ ಬಿಲ್ಲೆಗಳ ಕಾಗದ, ಸಿದ್ದೇಗೌಡನ ಬಿಲ್ಲೆಗಳ ಕಾಗದ, ಮೂರೂ ಒಂದಕ್ಕೊಂದು ತಗುಲಿಕೊಂಡು ಇದ್ದವು. ಮೂರನ್ನೂ ತೆಗೆದು ನನ್ನ ಚೀಲಕ್ಕೆ ಹಾಕಿಕೊಂಡು ಆಸ್ಪತ್ರೆಗೆ ವಾಪಸಾದೆ.